ಉಪವಾಸದ ರಕ್ತ

ಮೊನ್ನೆ ನನ್ನದೇ ಸಕ್ಕರೆ ಪರೀಕ್ಷೆಗೆಂದು ಹುಬ್ಬಳ್ಳಿಯ ಒಂದು ಲ್ಯಾಬಿಗೆ ಹೋಗಿದ್ದೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಕೂರಲು ಮೆತ್ತನೆಯ ಕುರ್ಚಿ, ಎಲ್ಲಾ ಚೆಂದವಿತ್ತು. ಆದರೆ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಉಪವಾಸವಿದ್ದು ಬರತಕ್ಕದ್ದು’ ಎಂದು ಬರೆದಿದ್ದರು. ನೋಡುತ್ತಲೇ ನನಗೆ ಸಿಟ್ಟು ನೆತ್ತಿಗೇರಿತು. ಕೌಂಟರಿನಲ್ಲಿದ್ದ ಹುಡುಗಿಗೆ ಆ ಬೋರ್ಡು ಅಳಿಸಿ ‘ಬರೇ ಹೊಟ್ಟೆಯಲ್ಲಿ ಬನ್ನಿ’ ಅಂತ ಬರೆಸವ್ವಾ ಅಂದೆ. ಎರಡೂ ಒಂದೇ ಅಲ್ವಾ ಆಂಟಿ, ಎಂದು ಆಕೆ ನಕ್ಕಳು. ಒಂದೇ ಅಲ್ಲ. ಯಾಕೆ ಅಲ್ಲ ಎಂಬುದನ್ನು ಹಿಂದೆ ಸರದಿ ನಿಂತವರ ಮುಂದೆ ಹೇಳಲಾಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳು ಓದಲಿ. ಮುದುಕಿಯ ಗೊಣಗಾಟ ಅಂತ ಬದಿಗಿಟ್ಟರೂ ಇಡಲಿ. ನಾನು ನಿವೃತ್ತಳಾಗಿ ಬಹಳ ಕಾಲವಾಯಿತು, ಈ ಒಂದು ಸಿಟ್ಟು ಮಾತ್ರ ಇನ್ನೂ ಕೆಲಸದಲ್ಲಿದೆ.

ನಾನು ಧಾರವಾಡದ ಸಾಲಿ ಮಾಸ್ತರರ ಮಗಳು. ಲ್ಯಾಬ್ ಟೆಕ್ನಿಷಿಯನ್ ತರಬೇತಿ ಮುಗಿಸಿ ಎಂಬತ್ತರ ದಶಕದಲ್ಲಿ ಕುಂದಗೋಳದ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಸೇರಿದೆ. ಅದರ ಹೆಸರು ಬರೆಯುವುದಿಲ್ಲ, ಅದನ್ನು ಕಟ್ಟಿಸಿದ ಪುಣ್ಯಾತ್ಮರದೇನೂ ತಪ್ಪಿರಲಿಲ್ಲ. ಹಳ್ಳಿಯ ಮಂದಿ ಲ್ಯಾಬಿಗೆ ‘ರಕ್ತದ ಖೋಲಿ’ ಎನ್ನುತ್ತಿದ್ದರು, ನನಗೆ ‘ರಕ್ತದ ಅಕ್ಕಾರು’. ಗಾಜಿನ ಸಿರಿಂಜು ಕುದಿಸಬೇಕು, ಸೂಜಿ ಮೊಂಡಾದರೆ ಕಲ್ಲಿಗೆ ತಿಕ್ಕಿ ಚೂಪು ಮಾಡಬೇಕು. ಕರೆಂಟು ಹೋದರೆ ರಕ್ತ ತಿರುಗಿಸುವ ಯಂತ್ರವನ್ನು ಟೇಬಲ್ಲಿಗೆ ಬಿಗಿದು ಕೈಯಿಂದಲೇ ತಿರುಗಿಸಬೇಕು. ಈಗ ನೀವು ಗುಂಡಿ ಒತ್ತಿದರೆ ಬರುವ ಕೊಲೆಸ್ಟ್ರಾಲ್ ಲೆಕ್ಕ ನಮಗೆ ಆ್ಯಸಿಡ್ಡಿನ ಕೆಲಸ. ರಕ್ತ ಹೆಪ್ಪುಗಟ್ಟಿದ ನಂತರ ಮೇಲೆ ನಿಲ್ಲುವ ತಿಳಿಯನ್ನು, ಅಂದರೆ ಸೀರಮ್ಮನ್ನು, ತೆಗೆದು, ಮೂಗು ಸುಡುವಂಥ ದ್ರಾವಣದ ಜೊತೆ ಸಲ್ಫ್ಯೂರಿಕ್ ಆ್ಯಸಿಡ್ ಸೇರಿಸಿದರೆ ಹಸಿರು ಬಣ್ಣ ಬರುತ್ತದೆ. ಹಸಿರು ಗಾಢವಾದಷ್ಟೂ ಕೊಲೆಸ್ಟ್ರಾಲ್ ಹೆಚ್ಚು. ಆ್ಯಸಿಡ್ಡನ್ನು ನಳಿಕೆಯಲ್ಲಿ ಬಾಯಿಂದಲೇ ಎಳೆಯುತ್ತಿದ್ದೆವು. ನನ್ನ ಸೀರೆಗಳೆಲ್ಲ ತೂತು ಬಿದ್ದು, ಧಾರವಾಡಕ್ಕೆ ಹೋದಾಗಲೆಲ್ಲ ಅವ್ವ ನನ್ನ ಸೆರಗು ಹಿಡಿದು ಬೆಳಕಿಗೆ ಒಡ್ಡಿ ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ಯಾವಾಗಲೂ ಇರುತ್ತಿದ್ದವರು ಡಾಕ್ಟರ್ ಸರೋಜಾ. ನನ್ನ ವಾರಿಗೆಯವರೇ, ಮಾತು ಕಡಿಮೆ. ಸೋಮವಾರಕ್ಕೊಮ್ಮೆ ದೊಡ್ಡ ಊರಿನಿಂದ ಒಬ್ಬ ಹೃದಯದ ಡಾಕ್ಟರು ಕಾರಿನಲ್ಲಿ ಬರುತ್ತಿದ್ದರು. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಓದಿದವರು, ಕೈಗುಣವೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಕೊಲೆಸ್ಟ್ರಾಲು ಅಂದರೆ ಕುಳಿತು ತಿನ್ನುವ ಶ್ರೀಮಂತರ ರೋಗ ಎಂಬುದು ಅವರ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು.

ಅಣ್ಣಿಗೇರಿಯಿಂದ ಒಬ್ಬ ಕಾಳಿನ ವ್ಯಾಪಾರಿ ಬಂದಿದ್ದ. ಒಳ್ಳೇ ಮೈಕಟ್ಟು, ಬೆರಳಿಗೊಂದು ಉಂಗುರ. ಸಾಹೇಬರು ಅವನನ್ನು ಕೂರಿಸಿಕೊಂಡು ಚಹಾ ತರಿಸಿ ಅಷ್ಟೊತ್ತು ಮಾತಾಡಿದರು. ಕೊಲೆಸ್ಟ್ರಾಲು ನೋಡಿದರೆ ಏನೂ ಇಲ್ಲ, ಸರಿಯಾಗೇ ಇದೆ. ವ್ಯಾಪಾರಿಗೆ ಅಪಮಾನವಾಯಿತು. ‘ಇಷ್ಟ ಏನ್ರಿ?’ ಎಂದು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಸಾಹೇಬರು ನನ್ನನ್ನು ಕರೆದು, ನಿಮ್ಮ ಆ್ಯಸಿಡ್ಡಿಗೆ ಶಕ್ತಿ ಕಡಿಮೆಯಾಗಿರಬೇಕು, ಮತ್ತೊಮ್ಮೆ ನೋಡ್ರಿ ಅಂದರು. ನೋಡಿದೆ, ಅಷ್ಟೇ ಬಂತು. ಆ ಆ್ಯಸಿಡ್ಡಿನ ಬಾಟಲಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದೇ ಬಾಟಲಿಯ ಮೇಲೆ ಬೇರೆಯದೇ ಆಪಾದನೆ ಬಂತು.

ಅದೇ ಮಳೆಗಾಲದಲ್ಲಿ ಕುಬಿಹಾಳದಿಂದ ಕಸ್ತೂರಿ ಬಂದಳು. ಎಂಟೊಂಬತ್ತು ವರ್ಷದ, ಕಡ್ಡಿಯಂಥ ಹುಡುಗಿ. ಮೊಣಕೈ, ಮೊಣಕಾಲು, ಬೆರಳಿನ ಗೆಣ್ಣುಗಳ ಮೇಲೆ ಹಳದಿ ಗಂಟುಗಳು, ಕಡಲೆಬೇಳೆ ಅಂಟಿಸಿದ ಹಾಗೆ. ಸಾಲೆಯಲ್ಲಿ ಅವಳಿಗೆ ‘ಕಡ್ಲಿಬ್ಯಾಳಿ’ ಅಂತಲೇ ಹೆಸರು. ಕರೆತಂದವಳು ಅಜ್ಜಿ ನೀಲವ್ವ, ಕೊರಳಲ್ಲಿ ಲಿಂಗದ ಕರಡಿಗೆ, ತಲೆತುಂಬ ಸೆರಗು. ಹಿಂದೆ ಇದೇ ಸಾಹೇಬರು ಅವಳನ್ನು ನೋಡಿ, ಚರ್ಮದ ಗಂಟು ಅಂತ ಹೇಳಿ, ದೊಡ್ಡ ಊರಿಗೆ ಕಳಿಸಿ ಕೊಯ್ಯಿಸಿದ್ದರು. ಕೊಯ್ದ ಕಲೆಯ ಬಾಜೂಕೇ ಮತ್ತೆ ಹುಟ್ಟಿದ್ದವು. ಆ ಕೂಸು ಆ ನೋವು ಉಂಡದ್ದು ಏತಕ್ಕೆ ಅಂತ ಇವತ್ತಿಗೂ ನನಗೆ ತಿಳಿಯುವುದಿಲ್ಲ.

ಈ ಸಲ ನೋಡಿದವರು ಸರೋಜಾ ಡಾಕ್ಟರು. ಗಂಟು ಮುಟ್ಟಿ ನೋಡಿದರು, ಹಿಮ್ಮಡಿಯ ಮೇಲಿನ ದಪ್ಪ ನರ ಹಿಡಿದು ನೋಡಿದರು, ಕಣ್ಣಗುಡ್ಡೆಯ ಸುತ್ತ ಬಿಳಿ ಬಳೆಯಂಥ ಗೆರೆ ನೋಡಿದರು. ಆಮೇಲೆ ಮನೆಯ ವಿಚಾರ ಕೇಳಿದರು. ನೀಲವ್ವನ ಗಂಡ ಹರೆಯದಲ್ಲೇ, ಹೊಲದಲ್ಲಿ, ‘ವಾಯು ಎದಿಗೇರಿ’ ಹೋಗಿದ್ದ. ಕಸ್ತೂರಿಯ ಅಪ್ಪ ಶಿವಪ್ಪ ತನ್ನ ಸ್ವಂತ ಅಕ್ಕನ ಮಗಳನ್ನೇ ಮದುವೆಯಾಗಿದ್ದ. ನಮ್ಮ ಕಡೆ ಅದು ಹೊಸದಲ್ಲ. ಡಾಕ್ಟರು ನನ್ನ ಖೋಲಿಗೆ ಬಂದು ಮೆಲ್ಲಗೆ ಹೇಳಿದರು: ಇದು ತಿಂದು ಬಂದ ಕೊಬ್ಬಲ್ಲ, ಮನೆತನದಲ್ಲಿ ಬಂದದ್ದು. ಅಪ್ಪನಿಂದಲೂ ಅವ್ವನಿಂದಲೂ, ಎರಡೂ ಕಡೆಯಿಂದ ಈ ಕೂಸಿಗೆ ಬಂದಿರಬೇಕು. ಹಾಗೇನಾದರೂ ಇದ್ದರೆ ರಕ್ತನಾಳಗಳು ಈ ವಯಸ್ಸಿಗೇ ಕಟ್ಟಿಕೊಳ್ಳುತ್ತಿರುತ್ತವೆ, ಕೊಲೆಸ್ಟ್ರಾಲ್ ನೋಡಿ.

ಪರೀಕ್ಷೆ ಸರಿಯಾಗಿದೆಯೋ ಇಲ್ಲವೋ ನೋಡಲು ಕಸ್ತೂರಿಯ ಸೀರಮ್ಮಿನ ಪಕ್ಕದಲ್ಲಿ ನನ್ನ ಸೀರಮ್ಮನ್ನೂ ಇಟ್ಟೆ. ಅದೇ ಬಾಟಲಿಯ ಆ್ಯಸಿಡ್ ಎರಡಕ್ಕೂ ಬಿತ್ತು. ನನ್ನದು ತೆಳು ಹಸಿರಾಯಿತು. ಅವಳದು ಏರಿ ಏರಿ ಪಾಚಿಯಂತಾಗಿ, ಬಣ್ಣ ಅಳೆಯುವ ಯಂತ್ರದ ಮುಳ್ಳು ಕೊನೆಗೆ ಹೋಗಿ ಬಡಿಯಿತು. ನೀರು ಬೆರೆಸಿದ ಹಾಗೆ ತೆಳು ಮಾಡಿ ಮತ್ತೆ ಅಳೆಯಬೇಕಾಯಿತು. ಕಸ್ತೂರಿ ಸ್ಟೂಲಿನ ಮೇಲೆ ಕೂತು ಇದೆಲ್ಲ ನೋಡುತ್ತಿದ್ದಳು. ‘ನಂದ ನಿಮಗಿಂತ ಭಾಳ ಹಸರ ಐತಿ ನೋಡ್ರಿ ಅಕ್ಕಾರ’ ಅಂದಳು, ಆಟದಲ್ಲಿ ಗೆದ್ದವಳ ಹಾಗೆ. ನಾನೂ ನಕ್ಕೆ.

ಸೋಮವಾರ ಸಾಹೇಬರ ಮುಂದೆ ಚೀಟಿ ಇಟ್ಟರೆ ಅವರು ನಕ್ಕುಬಿಟ್ಟರು. ಒಣ ರೊಟ್ಟಿ, ಖಾರ ತಿನ್ನುವ ಮನೆಯ ಕೂಸಿಗೆ ಇಷ್ಟು ಕೊಲೆಸ್ಟ್ರಾಲೇ? ನಿಮ್ಮ ಆ್ಯಸಿಡ್ ಹಳೆಯದಾಗಿದೆ, ಅದಕ್ಕೇ ಬಣ್ಣ ಜಾಸ್ತಿ ಏರುತ್ತದೆ ಅಂದರು. ವ್ಯಾಪಾರಿಗೆ ಕಡಿಮೆ ತೋರಿಸಿದ ಆ್ಯಸಿಡ್ ಈ ಕೂಸಿಗೆ ಹೆಚ್ಚು ತೋರಿಸಿತಂತೆ! ನನ್ನ ಸೀರಮ್ಮೂ ಜೊತೆಗಿತ್ತು ಎಂದು ಹೇಳಲು ಹೋದರೆ ಕೇಳಿಸಿಕೊಳ್ಳಲಿಲ್ಲ. ಮುಂದಿನ ಸೋಮವಾರ ಉಪವಾಸ ಇಟ್ಟು ಕರೆದುಕೊಂಡು ಬಾ, ನನ್ನೆದುರೇ ರಕ್ತ ತೆಗೆಯಲಿ ಎಂದು ನೀಲವ್ವನಿಗೆ ಹೇಳಿದರು. ನೀಲವ್ವ ಕೈಮುಗಿದು, ಶ್ರಾವಣ ಸೋಮವಾರ ನನ್ನದೂ ಉಪಾಸವೇ, ಕೂಸಿನ ಕೈಲೂ ಹಿಡಿಸುತ್ತೇನೆ ಅಂದಳು.

ಆ ಸೋಮವಾರ ಮೊದಲ ಬಸ್ಸಿಗೇ ಬಂದರು. ಸಾಹೇಬರ ಎದುರೇ ರಕ್ತ ತೆಗೆದೆ, ತಿರುಗಿಸಿದೆ. ಮೊದಲ ಸಲ ಜೇನಿನ ಹಾಗೆ ತಿಳಿಯಾಗಿದ್ದ ಸೀರಮ್ಮು ಈ ಸಲ ಮಬ್ಬಾಗಿ, ನೀರು ಹಾಲಿನಂತೆ ನಿಂತಿತು. ಉಂಡವರ ರಕ್ತ ಹಾಗೆ ಬೆಳ್ಳಗಾಗುತ್ತದೆ, ಅದು ಬೇರೆ ಜಾತಿಯ ಕೊಬ್ಬು. ಕೊಲೆಸ್ಟ್ರಾಲು ಒಂದು ಹೊತ್ತಿನ ಊಟಕ್ಕೆ ಅಷ್ಟೊಂದು ಏರುವುದಿಲ್ಲ, ಇಳಿಯುವುದಿಲ್ಲ. ಸರೋಜಾ ಡಾಕ್ಟರು ಅದನ್ನೇ ಹೇಳಲು ಬಾಯಿ ತೆರೆದರು. ಸಾಹೇಬರು ಕೈ ಅಡ್ಡ ಮಾಡಿ, ಕೊಳವೆಯನ್ನು ನೀಲವ್ವನ ಮುಖದ ಮುಂದೆ ಹಿಡಿದರು.

‘ಇದು ಉಪವಾಸದ ರಕ್ತ ಏನ ಮುದುಕಿ? ಕೂಸಿಗೆ ತಿನ್ನಸಿ ತಂದೀ. ದೇವರ ಹೆಸರ ಹೇಳಿ ಸುಳ್ಳ ಬ್ಯಾರೆ ಹೇಳ್ತೀಯಲ್ಲ.’

ಹೊರಗೆ ಬೆಂಚಿನ ಮೇಲೆ ಅವಳ ಊರಿನವರೇ ಕೂತಿದ್ದರು. ವಯಸ್ಸಾದ ಹೆಂಗಸಿಗೆ ಏಕವಚನ, ಅದರ ಮೇಲೆ ಅವಳು ಹಿಡಿದ ಸೋಮವಾರವೇ ಸುಳ್ಳು ಅನ್ನುವ ಮಾತು. ನೀಲವ್ವ ಕರಡಿಗೆಯ ಮೇಲೆ ಕೈಯಿಟ್ಟು, ‘ಅನ್ನ ಮುಟ್ಟಿಲ್ರಿ, ರೊಟ್ಟಿ ಮುಟ್ಟಿಲ್ರಿ’ ಎಂದಷ್ಟೇ ಹೇಳಿ ಕಸ್ತೂರಿಯ ಕೈ ಹಿಡಿದು ಹೊರಟುಹೋದಳು. ಸಾಹೇಬರು ಕಸ್ತೂರಿಯ ಕೊಲೆಸ್ಟ್ರಾಲಿನ ಚೀಟಿಯ ಮೇಲೆ ನಂಬಲರ್ಹವಲ್ಲ ಅಂತ ಬರೆದು ರುಜು ಹಾಕಿದರು. ಮಧ್ಯಾಹ್ನ ಎಂದಿನಂತೆ ಅವರ ಡಬ್ಬಿ ಬಿಚ್ಚುವ ಸದ್ದು ಒಳಗಿನ ಕೋಣೆಯಿಂದ ಕೇಳಿಸಿತು.

ಮುಂದೆ ಕಸ್ತೂರಿ ಬರಲಿಲ್ಲ. ಹೇಳಿ ಕಳಿಸಿದರೂ ಬರಲಿಲ್ಲ. ಸಾಹೇಬರು ರಜೆ ಹಾಕಿದ್ದ ಒಂದು ಸೋಮವಾರ ಸರೋಜಾ ಡಾಕ್ಟರು, ‘ನಡೀರಿ, ನಾವ ಹೋಗೂಣು’ ಅಂದರು. ಮಳೆ ಹಿಡಿದಿತ್ತು. ಬಸ್ಸು ಇಳಿದು ಎರೆ ಮಣ್ಣಿನಲ್ಲಿ ಹೆಜ್ಜೆ ಇಟ್ಟರೆ ಚಪ್ಪಲಿ ಅಲ್ಲೇ ಉಳಿಯಿತು, ಬರಿಗಾಲಲ್ಲಿ ಕುಬಿಹಾಳ ಸೇರಿದೆವು. ಶಿವಪ್ಪ ಮನೆಯಲ್ಲೇ ಇದ್ದ, ಹೊಲದಲ್ಲಿ ಹೆಸರುಕಾಯಿ ಬಿಡಿಸಲು ಮಳೆ ಬಿಟ್ಟಿರಲಿಲ್ಲ. ಎಷ್ಟು ಸಿಟ್ಟಿದ್ದರೂ ಮನೆಗೆ ಬಂದವರಿಗೆ ನೀಲವ್ವ ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿದಳು, ಒಳಗೆ ಹೋಗಿ ಎರಡು ತಾಟು ತಂದಿಟ್ಟಳು. ಶೇಂಗಾಪುಡಿ, ತುಪ್ಪ ಹಾಕಿದ ಸಬ್ಬಕ್ಕಿಯ ಸಾಬೂದಾಣಿ, ಶೇಂಗಾದ ಉಂಡಿ, ಬಾಳೆಹಣ್ಣು, ಲೋಟದಲ್ಲಿ ಕೆನೆಹಾಲು.

‘ತಗೋರಿ, ಎಲ್ಲಾ ಉಪಾಸದ್ದ ಐತಿ’ ಅಂದಳು.

ನಾನು ಡಾಕ್ಟರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಆವತ್ತು ಕಸ್ತೂರಿಗೂ ಬಸ್ಸು ಹತ್ತುವ ಮೊದಲು ಇದೇ ತಿನ್ನಿಸಿದಿರೇನು ಎಂದು ಡಾಕ್ಟರು ಕೇಳಿದರು. ಹೌದ್ರಿ, ಉಪಾಸಕ್ಕ ಮತ್ತೇನ ತಿನಸ್ತಾರ್ರಿ, ಎಂದು ನೀಲವ್ವ ನಮ್ಮನ್ನೇ ತಿರುಗಿ ಕೇಳಿದಳು. ಎಲ್ಲಿತ್ತು ಸುಳ್ಳು? ಅವಳು ಉಪವಾಸವನ್ನು ಉಪವಾಸದ ಹಾಗೇ ಮಾಡಿದ್ದಳು. ನಮ್ಮ ಮನೆಯಲ್ಲಿ ಏಕಾದಶಿಗೂ ಇದೇ ತಾಟು, ನಮ್ಮ ಕಡೆಯ ಯಾವ ಮನೆಯಲ್ಲಿ ಅಲ್ಲ? ಮನೆಯಲ್ಲಿ ಈ ಮಾತಿಗೆ ಒಂದು ಅರ್ಥ ಇಟ್ಟುಕೊಂಡು, ಆಸ್ಪತ್ರೆಯ ಹೊಸ್ತಿಲು ದಾಟಿದ ಕೂಡಲೇ ಅದಕ್ಕೆ ಇಂಗ್ಲಿಷಿನ ಅರ್ಥ ಹಚ್ಚಿ, ಹಳ್ಳಿಯವರು ಅದನ್ನು ತಾವಾಗಿ ತಿಳಿದುಕೊಳ್ಳಬೇಕು ಅಂತ ಕೂತವರು ನಾವು. ಆಗಲೇ ನನಗೆ ಸಾಹೇಬರ ಡಬ್ಬಿ ನೆನಪಾದದ್ದು. ಅವರೂ ಸೋಮವಾರ ಹಿಡಿಯುತ್ತಿದ್ದರು. ಆ ಡಬ್ಬಿಯಲ್ಲಿ ಪ್ರತಿವಾರ ಸಾಬೂದಾಣಿಯೇ ಇರುತ್ತಿತ್ತು.

ತಪ್ಪು ಆ ಮಾತಿನದು, ನಿಮ್ಮದಲ್ಲ ಎಂದು ಡಾಕ್ಟರು ನೀಲವ್ವನಿಗೆ ಎಷ್ಟು ಬಗೆಯಲ್ಲಿ ಹೇಳಿದರೂ ಅವಳು ಕರಗಲಿಲ್ಲ. ಮಂದಿಯ ಎದುರು ಆಡಿದ ಮಾತು ಅದು, ಮನೆಗೆ ಬಂದು ಸಮಾಧಾನ ಹೇಳಿದರೆ ಅಳಿಸುವುದಿಲ್ಲ. ಔಷಧ ಕೊಡುತ್ತೇನೆ ಅಂದದ್ದಕ್ಕೆ ಅವಳು, ‘ಸುಳ್ಳ ರಕ್ತಕ್ಕ ಎಂಥಾ ಔಷಧರಿ? ಸುಳ್ಳ ಅಂದವರ ಬಾಯಿಲೆನ ಖರೆ ಅನ್ನಸ್ರಿ, ಆವತ್ತ ಕೂಸಿನ ಕರಕೊಂಡ ಬರ್ತೇನಿ’ ಅಂದಳು. ಶಿವಪ್ಪ ಅವ್ವನ ಮಾತು ಮೀರುವ ಆಳಲ್ಲ. ಆದರೆ ತಾನೂ ಹೆಂಡತಿಯೂ ಮರುದಿನವೇ ಬರೇ ಹೊಟ್ಟೆಯಲ್ಲಿ ಬಂದು ರಕ್ತ ಕೊಟ್ಟರು. ಇಬ್ಬರದೂ ತಿಳಿಯಾಗಿತ್ತು. ಇಬ್ಬರ ಕೊಲೆಸ್ಟ್ರಾಲೂ ಜಾಸ್ತಿ, ಕಸ್ತೂರಿಯದರ ಸುಮಾರು ಅರ್ಧದಷ್ಟು. ಡಾಕ್ಟರು ಹೇಳಿದ ಹಾಗೇ, ಎರಡು ಅರ್ಧ ಸೇರಿ ಆ ಕೂಸಿನಲ್ಲಿ ತುಂಬಿಕೊಂಡಿತ್ತು. ಶಿವಪ್ಪ, ನಡೆದಾಗ ಎದೆ ಹಿಡಿಯುತ್ತದೆ, ವಾಯು ಅಂತ ಓಂಕಾಳು ತಿನ್ನುತ್ತಿದ್ದೇನೆ ಎಂದು ಆಗ ಬಾಯಿಬಿಟ್ಟ.

ಈಗ ಬೇಕಾದದ್ದು ಸಾಹೇಬರ ಬಾಯಿಂದ ಒಂದು ಮಾತು, ಅಷ್ಟೇ. ಒಂದು ಕೂಸಿನ ಚಿಕಿತ್ಸೆ ಆ ಒಂದು ಮಾತಿಗೆ ಕಾದು ನಿಂತಿತ್ತು. ಮುಂದಿನ ಸೋಮವಾರ ಸರೋಜಾ ಡಾಕ್ಟರು ಅಪ್ಪ ಅವ್ವನ ಚೀಟಿ ಹಿಡಿದು, ನನ್ನನ್ನೂ ಕರೆದುಕೊಂಡು ಅವರ ಕೋಣೆಗೆ ಹೋದರು. ಡಬ್ಬಿ ಬಿಚ್ಚಿತ್ತು. ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. ಸಾಹೇಬರು ಚೀಟಿಗಳನ್ನು ನೋಡಿದರು, ಮುಖ ಬಿಗಿಯಿತು. ತಿಳಿಯದ ಮನುಷ್ಯನಲ್ಲ, ತಿಳಿಯಿತು ಅನ್ನುವುದು ನನಗೆ ಕಂಡಿತು. ಆದರೂ, ಉಪವಾಸ ಅಂದರೆ ಉಪವಾಸ, ಅವರೇ ಸರಿಯಾಗಿ ಕೇಳಿಕೊಳ್ಳಬೇಕಿತ್ತು ಅಂದರು. ಮಾತೇ ಆಡದ ನಮ್ಮ ಡಾಕ್ಟರು ಆವತ್ತು ಆಡಿದರು.

‘ಸರ್, ಇವತ್ತ ನಿಮ್ಮದೂ ಉಪವಾಸ ಅಲ್ಲೇನ್ರಿ? ಈಗ ನಿಮ್ಮ ರಕ್ತ ತಗದ್ರ ಹೆಂಗ ಇರ್ತದ್ರಿ?’

ಸಾಹೇಬರು ಡಬ್ಬಿಯ ಮುಚ್ಚಳ ಮುಚ್ಚಿ ‘ಅದು ಬ್ಯಾರೆ’ ಅಂದರು. ಆ ಮುದುಕಿಗೆ ಒಂದೇ ಒಂದು ಮಾತು ಹೇಳಿಬಿಡಿ ಎಂದು ಡಾಕ್ಟರು ಬೇಡಿಕೊಂಡರು, ಊರಿಗೆ ಬರುವುದು ಬೇಡ, ಶಿವಪ್ಪನ ಕೈಯಲ್ಲಿ ಹೇಳಿ ಕಳಿಸಿದರೂ ಸಾಕು. ಹಳ್ಳಿಯ ಮುದುಕಿಯ ಮುಂದೆ ತಪ್ಪೊಪ್ಪಿಕೊಂಡರೆ ನಾಳೆ ಯಾರು ನನ್ನ ಮಾತು ಕೇಳುತ್ತಾರೆ ಎಂದು ಕೇಳಿದರು ಸಾಹೇಬರು. ಮರ್ಯಾದೆ ಅನ್ನುವುದು ಅವರೊಬ್ಬರಿಗೇ ಇತ್ತೇನೋ! ಬಾಗಿಲಲ್ಲಿ ನಿಂತ ನನಗೆ ಆ ಡಬ್ಬಿ ಎತ್ತಿ ಅಂಗಳಕ್ಕೆ ಒಗೆಯಬೇಕು ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಸರೋಜಾ ಡಾಕ್ಟರು ತಮಗೆ ಕಲಿಸಿದವರಿಗೆಲ್ಲ ಬರೆದು ಕೇಳಿದರು. ಈಗಿನ ಹಾಗೆ ಕೊಲೆಸ್ಟ್ರಾಲ್ ಇಳಿಸುವ ಗುಳಿಗೆ ಆಗ ನಮ್ಮಲ್ಲಿ ಇರಲಿಲ್ಲ, ಇದ್ದ ಒಂದೆರಡು ಔಷಧವೂ ಇಷ್ಟಕ್ಕೆ ಸಾಲುತ್ತಿರಲಿಲ್ಲ. ಶಿವಪ್ಪ ಮಾತ್ರ ನಾಲಿಗೆಯ ಕೆಳಗಿಡುವ ಗುಳಿಗೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡತೊಡಗಿದ. ಕಸ್ತೂರಿಗೆ ಆ ವರ್ಷ ಮತ್ತೊಮ್ಮೆ ಯಾರದೋ ಮಾತು ಕೇಳಿ ಗಂಟು ಕೊಯ್ಯಿಸಿದರಂತೆ. ಮರುವರ್ಷ ಸಾಲೆಯ ಅಂಗಳದಲ್ಲಿ ಕುಂಟಾಟ ಆಡುತ್ತಿದ್ದವಳು ಎದೆ ಹಿಡಿದುಕೊಂಡು ಕುಳಿತಳು, ಏಳಲಿಲ್ಲ. ಔಷಧ ಶುರು ಮಾಡಿದ್ದರೆ ಉಳಿಯುತ್ತಿದ್ದಳು ಅಂತ ನಾನು ಆಣೆ ಮಾಡಿ ಹೇಳಲಾರೆ, ಸರೋಜಾ ಡಾಕ್ಟರೂ ಹೇಳಲಿಲ್ಲ. ಆದರೆ ಓಡಬೇಡ, ಕೊಡ ಹೊರಬೇಡ ಅಂತ ಹೇಳುವವರಾದರೂ ಇರುತ್ತಿದ್ದರು, ಸುಮ್ಮಸುಮ್ಮನೆ ಕೊಯ್ಯುವುದಾದರೂ ತಪ್ಪುತ್ತಿತ್ತು. ಸುದ್ದಿ ಹೇಳಿದಾಗ ಸಾಹೇಬರು ‘ಅರೆರೆ’ ಅಂದು ಮುಂದಿನ ರೋಗಿಯನ್ನು ಕರೆಯಲು ಹೇಳಿದರು. ಸ್ವಲ್ಪ ದಿನದಲ್ಲಿ ಅವರು ನಮ್ಮಲ್ಲಿಗೆ ಬರುವುದನ್ನೇ ಬಿಟ್ಟರು. ಅವರಿಗೆ ತಮ್ಮ ಊರಲ್ಲೇ ದೊಡ್ಡ ಆಸ್ಪತ್ರೆಯಾಯಿತು.

ನಾನು ಮಾಡಿದ್ದು ಇಷ್ಟು. ನಮ್ಮ ರಕ್ತದ ಖೋಲಿಯ ಬಾಗಿಲ ಮೇಲೂ ಇದ್ದ ‘ಉಪವಾಸವಿದ್ದು ಬರತಕ್ಕದ್ದು’ ಎಂಬ ಬೋರ್ಡು ಕಿತ್ತು, ‘ಬರೇ ಹೊಟ್ಟಿಲೆ ಬರ್ರಿ. ನೀರು ಕುಡೀಬಹುದು. ಚಹಾ, ಹಾಲು, ಹಣ್ಣು, ಸಾಬೂದಾಣಿ ಏನೂ ಬ್ಯಾಡ’ ಎಂದು ನಾನೇ ಬರೆದು ಹಾಕಿದೆ. ಮೇಲಿನವರು ಬಂದಾಗ, ಇದೇನು ಆಡುಮಾತು, ಶುದ್ಧ ಕನ್ನಡದಲ್ಲಿ ಬರೆಯಿರಿ ಅಂದರು. ತೆಗೆಯಲಿಲ್ಲ. ದಶಕ ಮುಗಿಯುವ ಹೊತ್ತಿಗೆ ಆ್ಯಸಿಡ್ ಹೋಗಿ ಕಿಟ್ ಬಂತು, ಹಸಿರು ಹೋಗಿ ಗುಲಾಬಿ ಬಣ್ಣ ಬಂತು, ಸೀರೆ ಸುಡುವುದು ನಿಂತಿತು. ಬೋರ್ಡು ಹಾಗೇ ಇತ್ತು. ಕೊಳವೆಯಲ್ಲಿ ಸೀರಮ್ಮು ಬೆಳ್ಳಗೆ ಕಂಡರೆ ಮೊದಲು ಏನು ತಿಂದಿರಿ ಅಂತ ಕೇಳಿ, ಮಕ್ಕಳೇ. ಸುಳ್ಳು ಹೇಳಿದಿರಾ ಅಂತ ಕೇಳಬೇಡಿ.

ಕಸ್ತೂರಿಗೆ ಒಬ್ಬ ತಂಗಿ ಇದ್ದಳು, ಇನ್ನೂ ಸಣ್ಣ ಕೂಸು. ಅವಳ ವಿಷಯ ಮೊದಲೇ ಹೇಳಿಬಿಡುತ್ತೇನೆ, ಓದುವವರು ಹೆದರುವುದು ಬೇಡ. ಅವಳ ರಕ್ತ ಸರಿಯಾಗಿಯೇ ಇತ್ತು, ಅಪ್ಪ ಅವ್ವನ ಆ ಪಾಲು ಅವಳಿಗೆ ಬಂದಿರಲಿಲ್ಲ. ಆದರೆ ಅದು ಗೊತ್ತಾದದ್ದು ಪರೀಕ್ಷೆ ಮಾಡಿದ ಮೇಲೆ. ನಾನು ಹೇಳಬೇಕಾದದ್ದು ಅದಕ್ಕಿಂತ ಮುಂಚಿನದು.

ಕಸ್ತೂರಿ ಹೋದ ಮೇಲೆ ಬಂದ ಶ್ರಾವಣದಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಬಾಗಿಲು ತೆರೆಯುವ ಮೊದಲೇ ನೀಲವ್ವ ಆ ಕೂಸನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಸಾಹೇಬರು ಈಗ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಬೋರ್ಡು ಓದಲು ಬರುವವಳೂ ಅಲ್ಲ. ಕೂಸು ಅತ್ತು ಅತ್ತು ದನಿ ಕೂತುಹೋಗಿ, ತುಟಿಗಳು ಬಿಳಿಚಿ ಒಡೆದಿದ್ದವು. ಏನಾಯಿತು ಅಂತ ಕೇಳಿದೆ.

‘ನಿನ್ನಿ ಸಂಜಿಂದ ಏನೂ ಕೊಟ್ಟಿಲ್ರಿ. ನೀರೂ ಕೊಟ್ಟಿಲ್ಲ. ಉಗುಳ ನುಂಗಬ್ಯಾಡ ಅಂತ ಹೇಳೇನಿ. ಈಗರೆ ಖರೆ ಅಂತಾರೇನ್ರಿ ನಿಮ್ಮ ಸಾಹೇಬ್ರು?’

ಒಳಗೆ ಓಡಿ ಒಂದು ಲೋಟ ನೀರು ತಂದು ಕೂಸಿನ ತುಟಿಗೆ ಇಟ್ಟೆ. ನೀಲವ್ವ ಗಾಬರಿಯಾಗಿ ನನ್ನ ಮುಂಗೈ ಹಿಡಿದುಕೊಂಡಳು.

‘ಬ್ಯಾಡ್ರಿ ಅಕ್ಕಾರ,’ ಅಂದಳು, ‘ಮತ್ತ ಸುಳ್ಳ ಆಕ್ಕೈತ್ರಿ.’